ಲಿಂಬಿಹಣ್ಣು ಕುಡಿಯುವ ಕಲ್ಲು

ಲಿಂಬಿಹಣ್ಣಿನ ಮಾಯವ್ವ ಅಂದರೆ ನಮ್ಮ ಓಣಿಯವರು ಇವತ್ತಿಗೂ "ಭಾಳ ಜೋರ ಹೆಣಮಗಳ್ರೀ" ಅಂದು ಅಷ್ಟಕ್ಕೇ ಮಾತು ಮುಗಿಸುತ್ತಾರೆ. ಜೋರು ಹೌದು, ನಾನೇನು ಅಲ್ಲಗಳೆಯುವುದಿಲ್ಲ. ಬೆಳಗಾವಿಯ ಪೇಟೆಯಲ್ಲಿ ಅವಳ ಬುಟ್ಟಿಯ ಹಣ್ಣು ಹಿಚುಕಿ ನೋಡಿ ಕೊಳ್ಳದೆ ಎದ್ದವರು ಬೈಸಿಕೊಳ್ಳದೆ ಹೋದದ್ದಿಲ್ಲ. "ಹಣ್ಣ ತಗೊಳ್ಳಾಕ ಬಂದಿಯೋ, ಹಿಚುಕಾಕ ಬಂದಿಯೋ? ನಿನ್ನ ಗಲ್ಲಾನೂ ಹಿಂಗ ಹಿಚುಕ್ಲೇನು?" ಅಂತ ಮೀಸೆ ಹೊತ್ತ ಫೌಜಿಯವನಿಗೇ ಕೇಳಿದವಳು. ಆದರೆ ಅವಳ ಕಥೆ ಆ ಜೋರಿನದಲ್ಲ. ಅವಳ ಮನೆಯ ದೇವರ ಜಗಲಿಯ ಮೇಲೆ ಒಂದು ಕಲ್ಲಿತ್ತು, ಕಥೆ ಅದರದು. ಅವಳು ನಮ್ಮ ಹಿತ್ತಲಿನ ಎರಡು ಖೋಲಿಯಲ್ಲಿ ಬಾಡಿಗೆಗೆ ಇದ್ದವಳಾದ್ದರಿಂದ ನಾನು ಆ ಕಲ್ಲನ್ನು ಕಣ್ಣಾರೆ ಕಂಡಿದ್ದೇನೆ, ಅದರ ಸದ್ದನ್ನೂ ಕೇಳಿದ್ದೇನೆ.

ನಾನು ಕಾಂತಾ. ನನ್ನ ಯಜಮಾನರು ಗುರುಪಾದಪ್ಪ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾಸ್ತರರು. ಸಾಲಿಯಲ್ಲಿ ಅವರ ಮಾತಿಗೆ ಮಕ್ಕಳು ನಡುಗುತ್ತಿದ್ದವಂತೆ. ಮನೆಯಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ.

ಮಾಯವ್ವ ಕಾಕತಿಯ ಕಡೆಯ ಕುರಿಗಾರರ ಮನೆಯ ಸೊಸೆ. ಗಂಡ ಬೇಗ ಹೋದ. ಅವನಿಗೆ ಕಾಕತಿಯ ಹೊಲದ ಬದುವಿನಲ್ಲಿ ಮಣ್ಣು ಕೊಟ್ಟು, ಕುರಿಗಳನ್ನು ಮಾರಿ, ಒಬ್ಬನೇ ಮಗ ಬಂಡೆಪ್ಪನನ್ನು ಸೊಂಟದ ಮೇಲೆ ಹೊತ್ತುಕೊಂಡು ಬೆಳಗಾವಿಗೆ ಬಂದಳು. ಲಿಂಬಿಹಣ್ಣು ಮಾರಿದಳು. ಅಮಾವಾಸ್ಯೆ ಬಂತೆಂದರೆ ಲಿಂಬಿಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಅಂಗಡಿಗಳ ಬಾಗಿಲಿಗೆ ಕಟ್ಟುವಳು. ಊರಿನ ಮಂದಿಯ ಕೆಟ್ಟ ದೃಷ್ಟಿ ತೆಗೆದೇ ಮಗನನ್ನು ದೊಡ್ಡವನನ್ನಾಗಿ ಮಾಡಿದಳು ಅನ್ನಬಹುದು. ಬಂಡೆಪ್ಪ ಎತ್ತರದ ಆಳು, ನೀರಿಗೆ ಬಿದ್ದರೆ ಮೀನು. ಕಾಕತಿಯ ಬಾವಿಗಳಲ್ಲಿ ಮುಳುಗಿ ಕೊಡ ತೆಗೆಯುವುದಕ್ಕೆ ಅವನನ್ನೇ ಕರೆಯುತ್ತಿದ್ದರು. ಮಾಯವ್ವ ಖಾನಾಪುರದ ಹುಡುಗಿ ಸಾವಂತ್ರವ್ವನನ್ನು ತಂದು ಅವನಿಗೆ ಲಗ್ನ ಮಾಡಿದ ವರ್ಷವೇ, ಎಪ್ಪತ್ತಾರರ ಸುಮಾರಿಗೆ, ಯಾರೋ ಗುತ್ತಿಗೆದಾರ ಬಂದು ಅವನನ್ನು ಅರಬ್ಬಿ ಸಮುದ್ರದ ನಡುವಿನ ಒಂದು ದ್ವೀಪದ ಕೆಲಸಕ್ಕೆ ಕರೆದೊಯ್ದ. ಅಲ್ಲಿ ದೊಡ್ಡ ದೋಣಿಗಳು ದಡಕ್ಕೆ ಬರಲು ನೀರಿನೊಳಗಿನ ಬಂಡೆಗೆ ಸಿಡಿಮದ್ದಿಟ್ಟು ದಾರಿ ಕಡಿಯಬೇಕಾಗಿತ್ತು. ಮುಳುಗಬಲ್ಲವರು ಬೇಕಾಗಿದ್ದರು.

ಎರಡು ವರ್ಷದ ಮೇಲೆ ರಜೆಗೆ ಬಂದಾಗ ಬಂಡೆಪ್ಪ ಕಂಬಳಿಯಲ್ಲಿ ಸುತ್ತಿ ಒಂದು ಕಲ್ಲು ತಂದಿದ್ದ. ಹೂಕೋಸಿನ ಗಡ್ಡೆಯಷ್ಟು ದೊಡ್ಡದು, ಬೆಳ್ಳಗೆ, ಮೈತುಂಬ ಚುಕ್ಕೆಚುಕ್ಕೆ ತೂತು. ನಮ್ಮ ಪಡಸಾಲೆಯಲ್ಲಿ ಕೂತು ಬಿಚ್ಚಿ ತೋರಿಸಿದ. ಮೂಗಿಗೆ ಹಿಡಿದರೆ ಒಣಗಿದ ಮೀನಿನ ವಾಸನೆ. ನಾನು ಲಿಂಗಾಯತರ ಮನೆಯವಳು, ಸೆರಗಿನಿಂದ ಮೂಗು ಮುಚ್ಚಿಕೊಂಡೆ.

"ಇದು ಕಲ್ಲ ಅಲ್ರೀ ಅಕ್ಕಾರ, ಮನಿ," ಅಂದ ಬಂಡೆಪ್ಪ. "ಹವಳದ ಹುಳದ ಮನಿ. ಒಂದೊಂದು ತೂತಿನಾಗ ಒಂದೊಂದು ಹುಳ ಇರ್ತೈತಿ, ಸಾಸಿವಿ ಕಾಳಿನಷ್ಟು. ಮೈಯಿಂದ ಸುಣ್ಣ ಬಿಟಕೋತ ಸುತ್ತಲೂ ಮನಿ ಕಟಗೊಂತೈತಿ. ಅದು ಸತ್ತರ ಅದರ ತಲಿ ಮ್ಯಾಲ ಮಕ್ಕಳು ಮನಿ ಕಟ್ಟತಾವ. ಅವು ಸತ್ತರ ಅವುಗಳ ಮ್ಯಾಲ ಮೊಮ್ಮಕ್ಕಳು. ವರ್ಷಕ್ಕ ಒಂದು ಉಗರಿನಷ್ಟು ಬೆಳೀತೈತಿ, ಅಷ್ಟ. ನಾವು ನಿಂತ ದ್ವೀಪನೂ ಹಿಂಗ ಆಗಿದ್ದು."

"ಅಂದ್ರ ಹೆಣದ ಮ್ಯಾಲ ಹೆಣ," ಅಂದಳು ಮಾಯವ್ವ.

"ಹೂಂ ಬೇ. ಮ್ಯಾಲಿನ ಪದರಷ್ಟ ಜೀವಂತ. ಕೆಳಗ ಎಲ್ಲಾ ಸತ್ತವರು."

ನಮ್ಮ ಮಾಸ್ತರರಿಗೆ ಹಬ್ಬವಾಯಿತು. ಹುಳದ ಮೈಯೊಳಗೆ ಕಣ್ಣಿಗೆ ಕಾಣದಂಥ ಪಾಚಿ ಇರುತ್ತದೆ, ಬಿಸಿಲು ತಿಂದು ಹುಳಕ್ಕೆ ಅನ್ನ ಹಾಕುತ್ತದೆ, ಬಣ್ಣವೂ ಅದರದೇ, ಅದಕ್ಕೇ ನೀರಿನಿಂದ ತೆಗೆದರೆ ಬಣ್ಣ ಹೋಗಿ ಬರೀ ಎಲುಬು ಉಳಿಯುತ್ತದೆ ಅಂತ ಶುರು ಮಾಡಿದರು. ಬಂಡೆಪ್ಪ ತಲೆಯಾಡಿಸಿ ಕೇಳಿದ. ಆಮೇಲೆ ದ್ವೀಪದ ಹಡಗಿನವರಿಂದ ತಾನು ಕೇಳಿದ್ದನ್ನು ಹೇಳಿದ. ಅದನ್ನು ಹೇಳುವಾಗ ಸಾವಂತ್ರವ್ವನ ಕೈ ಹಿಡಿದು, ಅವಳ ಹಸಿರು ಬಳೆಯನ್ನು ಬೆರಳಿನಿಂದ ತಿರುಗಿಸುತ್ತಿದ್ದ. ಹೊಸ ಜೋಡಿ, ಅತ್ತೆಯ ಮುಂದೆ ಮಾಸ್ತರರ ಮುಂದೆ ಅನ್ನುವ ಲಜ್ಜೆಯೂ ಇರಲಿಲ್ಲ.

"ಮೊದಲ ಅಲ್ಲಿ ಬೆಂಕಿಗುಡ್ಡ ಇತ್ತಂತ. ಗುಡ್ಡದ ಸುತ್ತಲೂ ಹವಳ ಬೆಳೀತು, ಹಿಂಗ ಕೈಗೆ ಬಳಿ ಹಾಕಿದಂಗ. ಆಮ್ಯಾಲ ಗುಡ್ಡ ಸಾವಕಾಶ ಮುಳುಗಾಕತ್ತು. ಹವಳಕ್ಕ ಬಿಸಿಲ ಬೇಕಲ್ಲ, ಅದು ಮುಳುಗಲಾರದ ಮ್ಯಾಲ ಮ್ಯಾಲ ಕಟಗೋತ ಬಂತು. ಈಗ ಗುಡ್ಡ ಇಲ್ಲ, ನಡುವ ಬರೇ ನೀರು. ಕೈ ಮುಳುಗಿ ಹೋಗೈತಿ, ಬಳಿ ಅಷ್ಟ ಮ್ಯಾಲ ಉಳದೈತಿ."

ಸಾವಂತ್ರವ್ವ ಕೈ ಕಿತ್ತುಕೊಂಡಳು. "ಸುಡ್ಲಿ ನಿಮ್ಮ ಮಾತು, ಬಿಡ್ತು ಅನ್ರಿ," ಅಂದಳು. ಎಲ್ಲರೂ ನಕ್ಕೆವು. ಮಾಯವ್ವ ಮಾತ್ರ ನಗಲಿಲ್ಲ. "ಅಲ್ಲೋ, ಅವು ಸಾವಿರಾರು ವರ್ಷ ಕಟ್ಟಿದ್ದನ್ನ ನೀವು ಮದ್ದಿಟ್ಟು ಹಾರಸ್ತೀರಿ. ಅಷ್ಟು ಹೆಣಾ ಮುಟ್ಟಿ ಸ್ನಾನಾ ಮಾಡ್ತಿಯೋ ಇಲ್ಲೋ?" ಅಂತ ಕೇಳಿದಳು. "ಇಡೀ ದಿನಾ ನೀರಾಗ ಇರ್ತೇನಲ್ಲ ಬೇ," ಅಂದ ಅವನು. ಮಾಯವ್ವ ಮಗನ ಮುಖದ ಮೇಲೆ ಲಿಂಬಿಹಣ್ಣು ಇಳಿಸಿ ಓಣಿಯ ತಿರುವಿಗೆ ಎಸೆದು ಬಂದಳು.

ಕಲ್ಲಿಗೆ ಅವಳು ಸಿಂಬಿ ಮಾಡಿದಳು. ಹೆಂಗಸರು ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಉಂಗುರ ಇರುತ್ತದಲ್ಲ, ಅದು. ಸತ್ತ ಗಂಡನ ಹಳೇ ಕಂಬಳಿಯನ್ನು ಹೊಸೆದು ಗಟ್ಟಿಯಾಗಿ ಸುತ್ತಿ, ದೇವರ ಜಗಲಿಯ ಮೇಲೆ ಮಾಯಕ್ಕ ದೇವಿಯ ಮುಖದ ಬಾಜು ಇಟ್ಟು, ಅದರ ಮೇಲೆ ಕಲ್ಲನ್ನು ಕೂರಿಸಿದಳು. ಗಡಿಗೆ ಕೂತ ಹಾಗೆ ಭದ್ರವಾಗಿ ಕೂತಿತು.

ಬಂಡೆಪ್ಪ ಮರಳಿ ಹೋದ. ಮರುವರ್ಷ ಬೇಸಿಗೆಯಲ್ಲಿ ಅವನ ಜೊತೆ ಕೆಲಸಕ್ಕಿದ್ದ ಖಾನಾಪುರದ ತಮ್ಮಣ್ಣ ಒಬ್ಬನೇ ಬಂದು ಹಿತ್ತಲಲ್ಲಿ ನಿಂತ. ಕೂತುಕೋ ಅಂದರೂ ಕೂರಲಿಲ್ಲ. ಮದ್ದು ಹಾರಿದ ಮೇಲೆ ಒಡೆದ ಬಂಡೆಗೆ ಸರಪಳಿ ಕಟ್ಟಲು ಬಂಡೆಪ್ಪ ಕೆಳಗೆ ಇಳಿದನಂತೆ. ಹವಳದ ಹಿಟ್ಟು ಎದ್ದು ನೀರೆಲ್ಲ ಮಜ್ಜಿಗೆಯಾಗಿತ್ತಂತೆ. ಮೇಲೆ ಬರಲಿಲ್ಲ. ನೀರು ತಿಳಿಯಾದ ಮೇಲೆ ದ್ವೀಪದವರೆಲ್ಲ ಮುಳುಗಿ ಹುಡುಕಿದರು. "ಹವಳದ ಹೊಟ್ಯಾಗ ಗವಿ ಇರ್ತಾವ್ರಿ. ಒಳಗ ಹೊಕ್ಕರ ದಾರಿ ಸಿಗಂಗಿಲ್ಲ. ಏನೂ ಸಿಗಲಿಲ್ರಿ," ಅಂದ.

ಸಾವಂತ್ರವ್ವ ನೆಲಕ್ಕೆ ಕುಸಿದಳು. ಮಾಯವ್ವ ನಿಂತೇ ಇದ್ದಳು. "ಹೆಣ ಎಲ್ಲಿ?" ಅಂದಳು. ತಮ್ಮಣ್ಣನ ಎದುರಿಗೆ ಬಂದಳು. "ನಮ್ಮ ಮಂದ್ಯಾಗ ಮಣ್ಣ ಕೊಡ್ತೀವಿ. ಹೆಣ ಇಲ್ಲದ ಏನ್ ಹುಗೀಲಿ, ಹೇಳು. ಹೆಣ ತಂದು ಮುಂದ ಇಡು, ಆಮ್ಯಾಲ ನನ್ನ ಮಗ ಸತ್ತಾನಂತ ಹೇಳು." ಮರುದಿನ ಬೆಳಗ್ಗೆ ಬುಟ್ಟಿ ಹೊತ್ತು ಪೇಟೆಗೆ ಹೋದಳು. ಸೊಸೆಯ ಬಳೆ ಒಡೆಯಗೊಡಲಿಲ್ಲ, ಕುಂಕುಮ ಅಳಿಸಗೊಡಲಿಲ್ಲ.

ಅದೇ ಮಳೆಗಾಲದಲ್ಲಿ ಕಲ್ಲು ಬೆವರಿತು.

ನಮ್ಮ ಬೆಳಗಾವಿಯ ಮಳೆ ನಿಮಗೆ ಗೊತ್ತೇ ಇದೆ, ತಿಂಗಳುಗಟ್ಟಲೆ ಗೋಡೆಯೂ ಒಣಗುವುದಿಲ್ಲ. ಆದರೆ ಜಗಲಿಯ ಮೇಲಿನ ದೇವರೆಲ್ಲ ಒಣಗಿದ್ದು, ಈ ಕಲ್ಲಿನ ಮೈಯಲ್ಲಿ ಮಾತ್ರ ಹನಿಹನಿ ನೀರು. ಸಾವಂತ್ರವ್ವ ನನ್ನನ್ನು ಕರೆದು ತೋರಿಸಿದಳು. ನಾನು ಬೆರಳಿಂದ ಒರೆಸಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ಕಣ್ಣೀರೂ ಉಪ್ಪು, ಬೆವರೂ ಉಪ್ಪು. ಚಳಿಗಾಲ ಬಂದಾಗ ಆ ನೀರು ಆರಿ, ಕಲ್ಲಿನ ತೂತುಗಳಿಂದ ಬಿಳಿ ಎಳೆಗಳು ಹೊರಬಂದವು, ಮುದುಕರ ಗಲ್ಲದ ಮೇಲಿನ ಕುರುಚಲಿನಷ್ಟು. "ಗಡ್ಡ ಬಂದೈತ್ರಿ," ಅಂದಳು ಮಾಯವ್ವ, ಮೆಲ್ಲಗೆ, ಖುಷಿಯಿಂದ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಒಳಗಿದ್ದ ಸಮುದ್ರದ ಉಪ್ಪು ಮಳೆಗಾಲಕ್ಕೆ ನೀರು ಹೀರುತ್ತದೆ, ಚಳಿಗೆ ಹರಳಾಗುತ್ತದೆ ಅಂತ ಮಾಸ್ತರರು ಹೇಳಿದರು. ಹೇಳಿ ಪೇಪರು ಓದಲು ಕೂತರು.

ಯುಗಾದಿ ಅಮಾವಾಸ್ಯೆಯ ದಿನ ಮಾಯವ್ವ ದೇವರ ಸಾಮಾನು ತೊಳೆಯುತ್ತಿದ್ದಳು. ಹಿತ್ತಾಳೆಯನ್ನು ಲಿಂಬಿಹೋಳಿನಿಂದ ತಿಕ್ಕಿದವಳು, ಅದೇ ಹೋಳಿನಿಂದ ಕಲ್ಲಿನ ಗಡ್ಡವನ್ನೂ ತಿಕ್ಕಿದಳು. ಅವಳ ಕೂಗು ಕೇಳಿ ನಾನು ಕೈಯ ಹಿಟ್ಟು ತೊಳೆಯದೆ ಓಡಿದೆ.

ಕಲ್ಲು ಸದ್ದು ಮಾಡುತ್ತಿತ್ತು. ಸುಸ್ ಅನ್ನುವ ಸಣ್ಣ ಸದ್ದು, ಕಿವಿಯೊಳಗೆ ಹುಳ ಹೊಕ್ಕಂತೆ. ತೂತುತೂತಿನಿಂದ ಗುಳ್ಳೆ ಎದ್ದು ಒಡೆಯುತ್ತಿತ್ತು. ಕೆಳಗಿಟ್ಟ ಪರಾತದ ಅಗಲ ತಟ್ಟೆಯಲ್ಲಿ ಬಿದ್ದ ನೀರು ಬೆಳ್ಳಗಾಗಿತ್ತು.

"ಉಸರ ಬಿಡಾಕತ್ತಾನ್ರೀ ಅಕ್ಕಾರ! ನೀರಾಗಿನ ಉಸರು! ನೋಡ್ರಿ, ನನ್ನ ಬಂಡು ಉಸರ ಬಿಡಾಕತ್ತಾನ!"

ಶಿವ ಶಿವಾ, ಆ ಹೊತ್ತಿಗೆ ನನಗೂ ಹಾಗೇ ಅನ್ನಿಸಿತು. ನೀರಲ್ಲಿ ಮುಳುಗಿದವನು ಬಿಡುವ ಉಸಿರು ಹಾಗೇ ಅಲ್ಲವೇ ಮೇಲೆ ಬರುವುದು? ಸಾವಂತ್ರವ್ವ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಅವಳ ಹಲ್ಲು ಕಟಕಟ ಅನ್ನುವುದು ನನಗೆ ಕೇಳಿಸುತ್ತಿತ್ತು. ಮಾಯವ್ವ ಕಲ್ಲಿಗೆ ಕಿವಿ ಹಚ್ಚಿ, "ಉಂಡಿಯೇನೋ ಯಪ್ಪಾ? ಅಲ್ಲಿ ಥಂಡಿ ಐತೇನೋ?" ಅಂತ ಕೇಳಿದಳು. ಸದ್ದು ನಿಂತ ಮೇಲೆ ಪರಾತದ ಬಿಳಿ ನೀರನ್ನು ತೀರ್ಥದಂತೆ ಕುಡಿದಳು. ಉಳಿದದ್ದನ್ನು ಸೊಸೆಗೆ ಕುಡಿಸಿದಳು.

ಅವತ್ತಿನಿಂದ ಪ್ರತಿ ಅಮಾವಾಸ್ಯೆಗೂ ಅದೇ ಆಯಿತು. ನಾನು ಮಾಸ್ತರರ ಬೆನ್ನು ಹತ್ತಿದೆ. "ದಿನಾ ಸಾಲ್ಯಾಗ ಹುಡುಗರ ತಲಿ ತಿಂತೀರಿ, ಮನಿ ಹಿತ್ತಲಾಗ ಹೆಣಮಗಳು ಹುಚ್ಚಿ ಆಗಾಕತ್ತಾಳ. ಹೋಗಿ ಹೇಳ್ರಿ!" ಅವರು ಹೋದರು. ಪಾಪ, ಸಮಾಧಾನದಿಂದಲೇ ಹೇಳಿದರು. ಹವಳ ಅಂದರೆ ಸುಣ್ಣ, ಸುಣ್ಣದ ಕಲ್ಲಿಗೆ ಹುಳಿ ಬಿದ್ದರೆ ಗಾಳಿ ಬಿಡುತ್ತದೆ, ಅದು ಉಸಿರಲ್ಲ. ನಂಬದಿದ್ದರೆ ನೋಡು ಅಂತ ನಮ್ಮ ಅಡುಗೆಮನೆಗೆ ಕರೆದು, ಶಹಾಬಾದಿ ಹಾಸುಗಲ್ಲನ್ನು ಕೆರೆದು ಲಿಂಬಿರಸ ಬಿಟ್ಟರು. ಅದೂ ಸಣ್ಣಗೆ ಸುಸ್ ಅಂದಿತು.

"ಇದೂ ಹಂಗ ಅಂತೈತಲ್ರಿ. ಇದ್ಯಾರ ಹೆಣಾರಿ ಮಾಸ್ತರ?" ಅಂದಳು ಮಾಯವ್ವ.

ನನ್ನ ಗಂಡ ಸುಳ್ಳು ಹೇಳಲು ಬಾರದ ಮನುಷ್ಯ. "ಇದೂ ಒಂದು ಕಾಲಕ್ಕೆ ಸಮುದ್ರದ ತಳಾನ ಇತ್ತು," ಅಂದುಬಿಟ್ಟರು.

"ಮತ್ತ? ನಾ ಹೇಳಿದ್ದ ಖರೇ ಆತು."

"ಕಲ್ಲ ಮಗಾ ಆಗೂದಿಲ್ಲ ಮಾಯವ್ವಾ."

ಅವಳು ಮಾಸ್ತರರ ಕೊರಳನ್ನು ನೋಡಿದಳು. "ನಿಮ್ಮ ಎದಿ ಮ್ಯಾಲ ಲಿಂಗಯ್ಯ ಕುಂತಾನ. ಅಂವನ್ನ ಕಲ್ಲಂತ ನಾ ಎಂದಾರ ಅಂದೇನೇನ್ರಿ? ನೀವು ದಿನಾ ಅಂಗೈಯಾಗ ಇಟಗೊಂಡು ಮಾತಾಡ್ತೀರಿ. ನಾ ತಿಂಗಳಿಗೊಮ್ಮಿ ಮಾತಾಡ್ತೇನಿ."

ಆ ರಾತ್ರಿಯಿಂದ ಬರಿಗಾಲಲ್ಲಿ ಅಡುಗೆಮನೆಗೆ ಕಾಲಿಡಲು ನನಗೆ ಒಂಥರಾ ಆಗತೊಡಗಿತು. ಈಗಲೂ ಅಲ್ಲಿ ಲಿಂಬಿಹಣ್ಣು ಹೆಚ್ಚುವುದಿಲ್ಲ ನಾನು, ಅಂಗಳಕ್ಕೆ ಹೋಗಿ ಹೆಚ್ಚುತ್ತೇನೆ.

ಇಷ್ಟೇ ಆಗಿದ್ದರೆ, ಮಗನನ್ನು ಕಳಕೊಂಡ ತಾಯಿ, ಏನೋ ಮಾಡಿಕೊಳ್ಳಲಿ ಅನ್ನಬಹುದಿತ್ತು. ಆದರೆ ಆ ಹುಡುಗಿ ಸಾವಂತ್ರವ್ವ? ಹಗಲೆಲ್ಲ ವಡಗಾವಿಯ ಮಗ್ಗದಲ್ಲಿ ದುಡಿದು ಬರುವಳು. ಹಬ್ಬ ಬಂದರೆ ಅರಿಷಿಣ ಕುಂಕುಮಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಗಂಡ ಸತ್ತವಳೆಂದು. ಮನೆಯಲ್ಲಿ ಕಣ್ಣೀರು ಹಾಕುವಂತಿರಲಿಲ್ಲ, ಗಂಡ ಬದುಕಿದ್ದಾನೆಂದು. ಅತ್ತ ದರಿ, ಇತ್ತ ಪುಲಿ. ಅಮಾವಾಸ್ಯೆ ಹತ್ತಿರ ಬಂದರೆ ಹುಡುಗಿಯ ಮುಖ ಕಪ್ಪಿಡುತ್ತಿತ್ತು. ಪರಾತ ಹಿಡಿಯಬೇಕಾದವಳು ಅವಳೇ, ಆ ನೀರು ಕುಡಿಯಬೇಕಾದವಳೂ ಅವಳೇ.

ಆಗ ಹಣಮಪ್ಪ ಬಂದ. ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುವವನು, ಅವರ ಮಂದಿಯವನೇ. ಹೆಂಡತಿ ತೀರಿಹೋಗಿದ್ದಳು. ಸಂತೆಯ ದಿನ ಬೆಳಗಾವಿಗೆ ಬಂದು ಮಾಯವ್ವನ ಬುಟ್ಟಿಯ ಬಾಜು ಗಡಿಗೆ ಇಟ್ಟುಕೊಂಡು ಮಾರುತ್ತಿದ್ದ. ಬೈಸಿಕೊಂಡೂ ನಗುವವನು ಅವನೊಬ್ಬನೇ ಇದ್ದುದರಿಂದ ಮಾಯವ್ವನಿಗೆ ಸೇರುತ್ತಿದ್ದ. ಸಾವಂತ್ರವ್ವನನ್ನು ಉಡಿಕೆ ಮಾಡಿಕೊಳ್ಳುತ್ತೇನೆ ಅಂತ ನನ್ನ ಮೂಲಕ ಕೇಳಿಸಿದ. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ಅವರಲ್ಲಿ ಮೊದಲಿನಿಂದಲೂ ಉಂಟು, ತಪ್ಪೇನಲ್ಲ. ಆದರೆ ಗಂಡ ಸತ್ತಿರಬೇಕು.

ನಾನು ಸಾವಂತ್ರವ್ವನನ್ನೇ ಕೇಳಿದೆ, ನಿನ್ನ ಮನಸ್ಸೇನು ಅಂತ. ಅವಳು ಸೀರೆಯ ನೂಲು ಕೀಳತೊಡಗಿದಳು. "ಹಣಮಪ್ಪ ಛಲೋ ಮನಷ್ಯಾ ಅದಾರ್ರಿ. ಆದರ ನನಗ ಗಂಡ ಬೇಕಂತಲ್ರೀ ಅಕ್ಕಾರ. ಹೌದು, ಇಲ್ಲ, ಎರಡರಾಗ ಒಂದು ಬೇಕ್ರಿ. ಅತ್ತಿನ್ನ ಬಿಟ್ಟು ಹೋಗಾಕ ಮನಸಿಲ್ಲ. ಆ ಸಪ್ಪಳ ಕೇಳಾಕಾಗೂದಿಲ್ಲ. ಹಾಸಿಗಿ ಮ್ಯಾಲ ಮಲಗಿದರೂ ಹೊಟ್ಯಾಗ ಅದ ಸಪ್ಪಳ ಆದಂಗ ಆಕ್ಕೈತ್ರಿ."

ನಾನು ನೇರ ಹೋಗಿ ಮಾಯವ್ವನ ಮುಂದೆ ವಿಷಯ ಇಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಗಂಡ ಉಸರ ಬಿಡಾಕತ್ತಾಗ ಸೊಸಿನ್ನ ಹೆಂಗ ಕಳಸ್ಲೆವ್ವಾ?" ಅಂದಳು.

ಎಂಬತ್ತಮೂರರ ಬೇಸಿಗೆ ಕಳೆದ ಮೇಲೆ ತಮ್ಮಣ್ಣ ಮತ್ತೆ ಬಂದ. ದ್ವೀಪದ ಕೆಲಸ ಬಿಟ್ಟು ಊರು ಸೇರಿದ್ದ. ಒಳ್ಳೇದಾಯಿತು, ಇವನೇ ಇನ್ನೊಮ್ಮೆ ಬಿಡಿಸಿ ಹೇಳಲಿ ಅಂತ ನಾನೇ ಕೂರಿಸಿ ಚಹಾ ಕೊಟ್ಟೆ. ಅವನು ಹೇಳಿದ್ದು ಬೇರೆಯೇ. ಆ ವರ್ಷ ಅಲ್ಲಿ ಸಮುದ್ರ ಕಾದು, ಕಾಲಿಟ್ಟರೆ ಸ್ನಾನದ ನೀರಿನ ಹಾಗಿತ್ತಂತೆ. ಕಂದು, ಹಸಿರು, ನೇರಳೆ ಇದ್ದ ಹವಳವೆಲ್ಲ ಒಂದು ಕಡೆಯಿಂದ ಬೆಳ್ಳಗಾಗುತ್ತ ಹೋಯಿತಂತೆ. "ದೋಣಿಯಿಂದ ಬಗ್ಗಿ ನೋಡಿದರ ಕೆಳಗ ಬರೇ ಎಲಬು, ಕಣ್ಣು ಮುಟ್ಟೂತನಕ ಎಲಬು. ಬಂಡೆಪ್ಪ ಹ್ವಾದ ಜಾಗಾದ ಮ್ಯಾಲ ದೋಣಿ ಹಾಯಿಸಾಕ ನನಗ ಧೈರ್ಯ ಆಗಲಿಲ್ರಿ."

"ಸತ್ತುವೇನು ಎಲ್ಲಾ?" ಮಾಯವ್ವ ಕೇಳಿದಳು.

"ಇಲ್ಲಂತ. ಸೆಕಿಗೆ ಒಳಗಿನ ಪಾಚಿ ಬಿಟ್ಟು ಹೋಗಿರ್ತೈತಂತ. ಹುಳ ಉಪವಾಸ ಇರ್ತೈತಿ, ಸತ್ತಿರೂದಿಲ್ಲ. ಬೇಗ ನೀರ ತಂಪಾದರ ಬಣ್ಣ ತಿರುಗಿ ಬರ್ತೈತಂತ ದ್ವೀಪದವರು ಅಂದರು. ಕೆಲವು ಬಂದೂವು. ಉಳಿದುವಕ್ಕ ಲೋಳಿ ಹತ್ತಿ ಕರ್ರಗಾದುವು."

ತಮ್ಮಣ್ಣಾ, ಆ ಮಾತನ್ನು ನೀನು ನುಂಗಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ! ಮಾಯವ್ವನ ಕಣ್ಣು ಹೊಳೆದವು. "ಬೆಳ್ಳಗಾದರೂ ಸತ್ತಿಲ್ಲ. ಕೇಳಿದ್ರೇನ್ರಿ ಅಕ್ಕಾರ? ಉಪವಾಸ ಅದಾನ." ಅವತ್ತಿನಿಂದ ಅಮಾವಾಸ್ಯೆಯೂ ಬೇಡ, ಹುಣ್ಣಿಮೆಯೂ ಬೇಡ. ಪೇಟೆಯಲ್ಲಿ ಉಳಿದ ಹಣ್ಣನ್ನೆಲ್ಲ ತಂದು ಕಲ್ಲಿನ ಮೇಲೆ ಹಿಂಡತೊಡಗಿದಳು. ಹಿಂಡಿದಷ್ಟೂ ಕಲ್ಲು ಮಂಕಾಯಿತು, ಮೈಮೇಲೆ ಬಿಳಿ ಗಸಿ ಕೂತು ಸದ್ದು ಸಣ್ಣಗಾಯಿತು. ಸದ್ದು ಸಣ್ಣಗಾದಷ್ಟೂ ಇವಳು ಹೆಚ್ಚು ಹಿಂಡಿದಳು. ಹುಳಿಗೆ ಅವಳ ಬೆರಳ ಸಂದಿ ಒಡೆದಿದ್ದವು. ಹಣಮಪ್ಪನಿಗೆ ನಾನು ಬೇರೆ ಕಡೆ ನೋಡಪ್ಪಾ ಅಂದೆ. ಅವನು, "ನೋಡೂಣ್ರಿ," ಅಂದು ಗಡಿಗೆ ಮಾರುತ್ತ ಕೂತ.

ಮರುವರ್ಷದ ಮಣ್ಣೆತ್ತಿನ ಅಮಾವಾಸ್ಯೆ. ಮನೆಮನೆಯಲ್ಲಿ ಮಣ್ಣಿನ ಎತ್ತು ಪೂಜಿಸುವ ಹಬ್ಬ. ಹಣಮಪ್ಪ ಖಾನಾಪುರದ ಮಣ್ಣಿನಲ್ಲಿ ಒಂದು ಜೋಡಿ ಎತ್ತು ಮಾಡಿ ಮಾಯವ್ವನಿಗೆ ಕೊಟ್ಟು ಹೋಗಿದ್ದ. ನಾನು ಹೋಳಿಗೆ ಕೊಡಲೆಂದು ಹಿತ್ತಲಿಗೆ ಹೋದಾಗ ಮಧ್ಯಾಹ್ನವೇ ಕತ್ತಲು ಕವಿದು ಮಳೆ ಬೀಳುತ್ತಿತ್ತು. ಒಳಗೆ ಸಾವಂತ್ರವ್ವ ಪರಾತ ಹಿಡಿದು ಕೂತಿದ್ದಳು. ಮಾಯವ್ವ ಹಣ್ಣಿನ ಮೇಲೆ ಹಣ್ಣು ಹಿಂಡುತ್ತಿದ್ದಳು. ಸುತ್ತಲೂ ಹಿಂಡಿದ ಹೋಳಿನ ರಾಶಿ, ಹುಳಿಯ ಘಾಟು. ಎಷ್ಟೋ ಹೊತ್ತಿನ ಮೇಲೆ ಕಲ್ಲು ಒಂದೇ ಒಂದು ಸಲ ಸುಸ್ ಅಂದಿತು.

"ಸಾಕಾತು. ಉಂಡ," ಅಂದಳು ಮಾಯವ್ವ. "ಅಂವನ್ನ ಜಾಗಾದ ಮ್ಯಾಲ ಇಡು."

ಸಾವಂತ್ರವ್ವ ಎರಡು ಕೈಯಲ್ಲಿ ಎತ್ತಿ ಜಗಲಿಯ ಮೇಲಿನ ಸಿಂಬಿಯ ಮೇಲೆ ಇಟ್ಟಳು. ಕಲ್ಲು ಕೂರಲಿಲ್ಲ. ಸಿಂಬಿಯ ನಡುವೆ ಜಾರಿ, ಕೆಳಗಿನ ಹಲಗೆಗೆ ಟಕ್ ಅಂತ ಬಡಿಯಿತು.

ಮೂವರೂ ನೋಡುತ್ತ ನಿಂತೆವು. ದಿನಾ ಕಣ್ಣ ಮುಂದೆ ಇದ್ದದ್ದು, ದಿನಾ ಎಳ್ಳಷ್ಟೆಳ್ಳಷ್ಟೇ ಸವೆದದ್ದು, ಯಾರಿಗೂ ತಿಳಿದಿರಲಿಲ್ಲ. ಹೂಕೋಸಿನ ಗಡ್ಡೆಯಷ್ಟಿದ್ದದ್ದು ಈಗ ತೆಂಗಿನ ಚಿಪ್ಪಿನಲ್ಲಿ ಹಿಡಿಸುವಷ್ಟಾಗಿತ್ತು. ತೂತಿನ ಗೆರೆಗಳೆಲ್ಲ ಅಳಿಸಿ ಸೋಪಿನ ತುಂಡಿನಂತಾಗಿತ್ತು. ಅದರ ಸುತ್ತ ಕಂಬಳಿಯ ಸಿಂಬಿ ಬಳೆಯ ಹಾಗೆ ಖಾಲಿ ನಿಂತಿತ್ತು.

"ಸಿಂಬಿ ದೊಡ್ಡದಾಗಿಲ್ಲ ಅತ್ತಿ," ಅಂದಳು ಸಾವಂತ್ರವ್ವ. "ಉಸರ ಬಿಟ್ಟಷ್ಟೂ ಅವರು ಸಣ್ಣಾಗ್ಯಾರ. ಆ ನೀರು ನೀವೂ ಕುಡದೀರಿ, ನಾನೂ ಕುಡದೇನಿ. ಇಷ್ಟು ವರ್ಷ ಅವರನ್ನ ನಾವಿಬ್ರೂ ಕೂಡಿ ಕುಡದೇವಿ. ಇನ್ನ ಒಂದು ವರ್ಷ ಹಿಂಗ ಮಾತಾಡ್ಸಿದಿರಿ ಅಂದ್ರ ಹುಗ್ಯಾಕ ಇದೂ ಉಳಿಯೂದಿಲ್ಲ."

ಅಷ್ಟು ಮಾತು ಆ ಹುಡುಗಿ ಒಟ್ಟಿಗೆ ಆಡಿದ್ದು ಅದೇ ಮೊದಲು. ಮಾಯವ್ವ ಪರಾತದ ಬಿಳಿ ನೀರನ್ನು ನೋಡಿದಳು. ತನ್ನ ಕೈ ನೋಡಿಕೊಂಡಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ತುಟಿಯಿಂದ ರಕ್ತ ಬರುವ ತನಕ ಒರೆಸಿಕೊಂಡಳು. ನಾನು ಕೈ ಹಿಡಿದು ನಿಲ್ಲಿಸಿದೆ. ಅವಳು, "ಇದ್ದಷ್ಟಾರ ಉಳಸೂಣು," ಅಂದಳು.

ಮರುದಿನ ಬೆಳಗ್ಗೆ ಕಾಕತಿಗೆ ಹೋದೆವು. ಮಾಸ್ತರರು, ನಾನು, ಅತ್ತೆ ಸೊಸೆ, ಜೊತೆಗೆ ಅವರ ಬಳಗದ ಒಬ್ಬ ಮುದುಕಿ. ಗುದ್ದಲಿ ಹಿಡಿಯಲು ಗಂಡಾಳು ಬೇಕಿತ್ತು. ಮಾಯವ್ವನೇ ಹಣಮಪ್ಪನಿಗೆ ಹೇಳಿಕಳಿಸಿದ್ದಳು. ಗಂಡನ ಗೋರಿಯ ಬಾಜು, ಬದುವಿನ ಮೇಲೆ ಅವನು ಕುಣಿ ತೋಡಿದ. ಮಳೆ ನಿಂತು ಮೋಡ ಮಾತ್ರ ಇತ್ತು. ಹುಗಿಯುವ ಮುಂಚೆ ಹೆಣಕ್ಕೆ ನೀರು ಹಾಕಬೇಕಲ್ಲ. ಮಾಯವ್ವ ಬುಟ್ಟಿಯಿಂದ ಕಲ್ಲು ತೆಗೆದು, ಬಾವಿಯ ನೀರು ತುಂಬಿದ ಗಡಿಗೆಯಲ್ಲಿ ಮೆಲ್ಲಗೆ ಇಳಿಸಿದಳು.

ಬರೀ ನೀರು. ಹುಳಿಯ ಒಂದು ಹನಿಯೂ ಇರಲಿಲ್ಲ. ಆದರೂ ಕಲ್ಲಿನಿಂದ ಗುಳ್ಳೆಗಳ ಒಂದು ಸಾಲು ಮೇಲೆದ್ದು ಬಂತು. ದಾರದಲ್ಲಿ ಪೋಣಿಸಿದ ಹಾಗೆ ಒಂದರ ಹಿಂದೆ ಒಂದು. ನಾವೆಲ್ಲ ನಿಂತಲ್ಲೇ ಕಲ್ಲಾದೆವು. ಮಾಸ್ತರರು ಏನೋ ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು. ಗುಳ್ಳೆ ಬಂದು ಬಂದು, ಕೊನೆಯದೊಂದು ತಡವಾಗಿ ಬಂದು, ನಿಂತುಹೋಯಿತು.

"ಆತು," ಅಂದಳು ಮಾಯವ್ವ. "ಹೋಗಪ್ಪಾ."

ಕಲ್ಲನ್ನು ಕುಣಿಯಲ್ಲಿ ಇಟ್ಟು ತಾನೇ ಮೊದಲ ಹಿಡಿ ಮಣ್ಣು ಹಾಕಿದಳು. ಬಳಗದ ಮುದುಕಿ, ಕುಣಿಯ ಮೂಲೆಗೆ ಲಿಂಬಿಹಣ್ಣು ತಂದಿಲ್ಲೇನು ಅಂತ ಕೇಳಿದಳು. ಬೆಳಗಾವಿಯ ಅರ್ಧ ಪೇಟೆಗೆ ಲಿಂಬಿಹಣ್ಣು ಕಟ್ಟುವವಳು, "ಬ್ಯಾಡ. ಮಲಗ್ಯಾನ, ಎಬ್ಬಸಬ್ಯಾಡ್ರಿ," ಅಂದಳು. ಆಮೇಲೆ ಅತ್ತಳು. ಐದು ವರ್ಷದ ಅಳು ಅದು, ಬದುವಿನ ಮೇಲೆ ಬಿದ್ದು ಹೊರಳಿ ಅತ್ತಳು. ನಾನೂ ಅತ್ತೆ, ಮಾಸ್ತರರೂ ಕನ್ನಡಕ ತೆಗೆದರು.

ಅಳು ನಿಂತ ಮೇಲೆ ಮುದುಕಿ ಪದ್ಧತಿಯಂತೆ ಒಂದು ಕಲ್ಲು ಹುಡುಕಿ ತಂದು ಸಾವಂತ್ರವ್ವನ ಕೈ ಹಿಡಿದಳು, ಬಳೆ ಒಡೆಯಲು. ಹುಡುಗಿ ಕಣ್ಣು ಮುಚ್ಚಿ ಕೈ ಕೊಟ್ಟಳು. ಮಾಯವ್ವ ಎದ್ದು ಬಂದು ಆ ಕೈಯನ್ನು ಬಿಡಿಸಿಕೊಂಡಳು.

"ಮುಳುಗಿದ್ದು ನನ್ನ ಗುಡ್ಡ. ಈ ಕೈ ಇನ್ನೂ ಮ್ಯಾಲ ಐತಿ, ಬಳಿ ಇರಲಿ."

ಬುಟ್ಟಿಯ ತಳದಿಂದ ಕಂಬಳಿಯ ಸಿಂಬಿ ತೆಗೆದಳು. ಅದನ್ನೂ ಕುಣಿಗೆ ಹಾಕುತ್ತಾಳೆ ಅಂದುಕೊಂಡೆ. ಅವಳು ಅದರ ಮಣ್ಣು ಝಾಡಿಸಿ, ಸಾವಂತ್ರವ್ವನ ತಲೆಯ ಮೇಲೆ ಇಟ್ಟು, ಸರಿಯಾಗಿ ಕೂರುತ್ತದೋ ಇಲ್ಲವೋ ಅಂತ ಒತ್ತಿ ನೋಡಿದಳು. ಗುದ್ದಲಿ ಹಿಡಿದು ನಿಂತಿದ್ದ ಹಣಮಪ್ಪನ ಕಡೆಗೆ ತಿರುಗಿಯೂ ನೋಡಲಿಲ್ಲ.

"ಇಟಗೋ," ಅಂದಳು ಸೊಸೆಗೆ. "ಖಾನಾಪುರದಾಗ ನೀರ ಹೊರಾಕ ಬೇಕಾಕ್ಕೈತಿ."